ವಿಶ್ವನಾಣ್ಯಕ್ಕೆ ಹೊಣೆಗಾರರು ಯಾರು?

ಜಗತ್ತಿಗೆಲ್ಲ ಒಂದೇ ನಾಣ್ಯವಿರಬೇಕು, ಮಸ್ಕತ್ತಿನಲ್ಲಿ ದುಡಿದ ಹಣ ಮಂಗಳೂರನ್ನು ಮುಟ್ಟುವಾಗ ಒಂದು ಕಾಸೂ ಸವೆಯದೆ ಮುಟ್ಟಬೇಕು ಎಂಬ ಆಸೆ ಇಂದು ನಿನ್ನೆಯದಲ್ಲ. ಗಳಿಕೆಯ ಊರು ಒಂದು, ಸಂಸಾರದ ಊರು ಇನ್ನೊಂದು ಆಗಿರುವವರ ಪಾಲಿಗೆ ಇದು ಪಂಡಿತರ ಕಲ್ಪನಾವಿಲಾಸವೂ ಅಲ್ಲ. ಹೋಟೆಲಿನಲ್ಲಿ, ಗಿರಣಿಯಲ್ಲಿ, ಆಫೀಸಿನಲ್ಲಿ ದುಡಿದು ತಿಂಗಳು ತಿಂಗಳಿಗೂ ಊರಿಗೆ ಮನಿ ಆರ್ಡರು ಮಾಡಿದ ಹಿರಿಯರು ನಮ್ಮ ವಾಚಕರಲ್ಲಿ ಇನ್ನೂ ಇದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ಈಗ ದುಬಾಯಿಯಿಂದಲೋ ಸಿಂಗಾಪುರದಿಂದಲೋ ಹಣ ಕಳುಹಿಸುತ್ತಾರೆ. ಇನ್ನೂರು ಡಾಲರುಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ರವಾನಿಸಲು ಜಗತ್ತಿನ ಸರಾಸರಿಯಲ್ಲಿ ಶೇಕಡಾ 6ಕ್ಕೂ ಮಿಗಿಲಾದ ವೆಚ್ಚ ತಗಲುತ್ತದೆಂಬುದು ವಿಶ್ವ ಬೇಂಕಿನ ಲೆಕ್ಕ. 2030ರೊಳಗೆ ಅದನ್ನು ಶೇಕಡಾ 3ಕ್ಕೆ ಇಳಿಸಬೇಕೆಂದು ವಿಶ್ವಸಂಸ್ಥೆಯಲ್ಲಿ ರಾಷ್ಟ್ರಗಳೆಲ್ಲ ಒಪ್ಪಿಕೊಂಡಿವೆ. ಒಪ್ಪಿಕೊಂಡಷ್ಟು ವೇಗವಾಗಿ ಅದು ಇಳಿಯುತ್ತಿಲ್ಲವೆಂಬುದನ್ನು ಕಳುಹಿಸುವವರೇ ಬಲ್ಲರು.

ಹೀಗಿರಲು, ಸರಕಾರದ ಮುದ್ರೆ ಬೇಡ, ಬೇಂಕಿನ ಮಧ್ಯಸ್ಥಿಕೆ ಬೇಡ, ಗಡಿಗಳ ಗೊಡವೆ ಬೇಡ, ಲೋಕಕ್ಕೆಲ್ಲ ಒಂದೇ ಆಗಬಲ್ಲ ಹೊಸ ನಾಣ್ಯ ಬಂದಿದೆ ಎಂದು ಯಾರಾದರೂ ಸಾರಿದರೆ ನಮ್ಮ ತರುಣರು ಕಿವಿಗೊಡುವುದು ಸಹಜವೇ ಆಗಿದೆ. ಸಂಘದ ವಾರ್ಷಿಕೋತ್ಸವದಲ್ಲಿ ರಂಗದ ಮೇಲೆ ಯಕ್ಷಗಾನ ನಡೆಯುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಕುಳಿತವರು ಮೊಬೈಲಿನಲ್ಲಿ ಬಿಟ್‌ಕಾಯಿನಿನ ಆ ಗಳಿಗೆಯ ದರ ನೋಡುತ್ತಿರುವುದು ಈಗ ಅಪರೂಪದ ದೃಶ್ಯವಲ್ಲ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಆ ನಾಣ್ಯ ನಿಜವಾಗಿಯೂ ವಿಶ್ವದ ಹಣವಾಗಬಲ್ಲುದೇ ಎಂಬ ಪ್ರಶ್ನೆಯನ್ನು ಅವರೊಡನೆ ಕುಳಿತು ವಿಚಾರಿಸತಕ್ಕದ್ದು.

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೋಟೋ ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಹೊರಬಿದ್ದಿತು. ಆ ಹೆಸರಿನ ಹಿಂದೆ ಇದ್ದವರು ಒಬ್ಬರೋ ಹಲವರೋ ಲೋಕಕ್ಕೆ ಇಂದಿಗೂ ತಿಳಿಯದು. ಅಮೆರಿಕದ ಲೀಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದು ಆಗ ಒಂದೂವರೆ ತಿಂಗಳಾಗಿತ್ತಷ್ಟೆ. ಬೇಂಕುಗಳ ಮೇಲೆ ಜನರ ನಂಬಿಕೆ ಅಲುಗಿದ್ದ ಆ ಸಮಯದಲ್ಲಿ, ಯಾರನ್ನೂ ನಂಬಬೇಕಾಗಿಲ್ಲದ ಹಣವೊಂದನ್ನು ರಚಿಸಬಹುದೆಂದು ಆ ಪ್ರಬಂಧ ವಾದಿಸಿತು. 2009ರ ಜನವರಿ 3ರಂದು ಬಿಟ್‌ಕಾಯಿನ್ ನಡೆಯತೊಡಗಿತು.

ಅದರ ರಹಸ್ಯ ಗಲ್ಲಾದ ಬಳಿ ಕುಳಿತವರಿಗೆ ಬೇಗ ಅರ್ಥವಾಗತಕ್ಕದ್ದು. ಅಂಗಡಿಯ ಕಿರ್ದಿಯನ್ನು ಒಬ್ಬನೇ ಗುಮಾಸ್ತ ಬರೆಯುತ್ತಿದ್ದರೆ ಅವನು ಅದನ್ನು ತಿದ್ದಲೂಬಹುದು. ಅದೇ ಕಿರ್ದಿಯ ಪ್ರತಿಯನ್ನು ಸಾವಿರಾರು ಕಂಪ್ಯೂಟರುಗಳು ಏಕಕಾಲಕ್ಕೆ ಇಟ್ಟುಕೊಂಡು, ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟವನ್ನು ತಾಳೆ ನೋಡಿ ಸೇರಿಸುತ್ತ ಹೋದರೆ, ಹಳೆಯ ಪುಟವನ್ನು ಮರೆಯಲ್ಲಿ ತಿದ್ದುವುದು ಅಸಾಧ್ಯಪ್ರಾಯವಾಗುತ್ತದೆ. ಪುಟ ಸೇರಿಸುವ ಹಕ್ಕಿಗಾಗಿ ಕಂಪ್ಯೂಟರುಗಳೊಳಗೆ ಲೆಕ್ಕದ ಪೈಪೋಟಿ ನಡೆಯುತ್ತದೆ; ಗೆದ್ದವನಿಗೆ ಹೊಸ ನಾಣ್ಯಗಳು ಬಹುಮಾನ. 2009ರಲ್ಲಿ ಪುಟಕ್ಕೆ 50 ನಾಣ್ಯವಿದ್ದ ಬಹುಮಾನ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ, 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಎಂದೂ ಹುಟ್ಟಲಾರದೆಂಬುದು ಅದರ ಕಟ್ಟಳೆ. ಬಹು ಬುದ್ಧಿವಂತಿಕೆಯ ಏರ್ಪಾಡು ಇದು, ಸಂಶಯವಿಲ್ಲ. ಆದರೆ ಕಿರ್ದಿ ಸರಿಯಿದ್ದ ಮಾತ್ರಕ್ಕೆ ಅಂಗಡಿ ನಡೆಯುವುದಿಲ್ಲ.

ಈ ಮೂಲ ಕಿರ್ದಿಯಲ್ಲಿ ಸೆಕೆಂಡಿಗೆ ಸುಮಾರು ಏಳು ವ್ಯವಹಾರಗಳನ್ನಷ್ಟೇ ಬರೆಯಲು ಸಾಧ್ಯ. ತಿಂಗಳಿಗೆ ಲೆಕ್ಕ ಹಾಕಿದರೆ 1 ಕೋಟಿ 80 ಲಕ್ಷವಾಯಿತು. ನಮ್ಮ ದೇಶದ ಯುಪಿಐ ವ್ಯವಸ್ಥೆಯಲ್ಲಿ 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ 1,600 ಕೋಟಿಗೂ ಮಿಕ್ಕಿದ ವ್ಯವಹಾರಗಳು ನಡೆದುವು. ಮೂಲ ಕಿರ್ದಿಯ ಹೊರಗೆ ಚಿಲ್ಲರೆ ವ್ಯವಹಾರಗಳನ್ನು ನಡೆಸಿ ಕೊನೆಗೆ ಒಟ್ಟು ಬಾಕಿಯನ್ನು ಮಾತ್ರ ಅದರಲ್ಲಿ ಬರೆಯುವ ಉಪಾಯಗಳು ಹುಟ್ಟಿವೆ, ಅವುಗಳಿಂದ ವೇಗ ಹೆಚ್ಚಿದೆಯೆಂಬುದನ್ನೂ ಹೇಳಬೇಕು. ಈ ಪೈಪೋಟಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಉರಿಯುತ್ತಿದೆಯೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದವರ ಅಂದಾಜು ಹೇಳುತ್ತದೆ. ಆದರೂ ವೇಗ, ವಿದ್ಯುತ್ತುಗಳ ಕೊರತೆಯನ್ನು ಯಂತ್ರಜ್ಞರು ನಾಳೆ ನೀಗಿಸಿಯಾರು. ಅವರ ಕೈಗೆ ಸಿಗದ ತೊಡಕು ಬೇರೆ ಇದೆ.

ಹಣವೆಂದರೆ ಮೊದಲಾಗಿ ಅಳತೆಗೋಲು. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್ ತೆತ್ತರು. 2021ರ ನವೆಂಬರಿನಲ್ಲಿ ಒಂದೊಂದಕ್ಕೇ 69,000 ಡಾಲರಿನ ಸಮೀಪದ ಬೆಲೆ ಬಂದಿತು. ಮರುವರ್ಷ ಅದೇ ನವೆಂಬರಿನಲ್ಲಿ ಅದು 16,000ಕ್ಕಿಂತ ಕೆಳಗೆ ಬಿದ್ದಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷವನ್ನು ದಾಟಿತು. ಇಂಥ ಕೋಲಿನಿಂದ ಯಾರು ಏನನ್ನು ಅಳೆಯುವುದು? ಇಡ್ಲಿ ವಡೆಯ ದರವನ್ನು ಹಲಗೆಯ ಮೇಲೆ ಬರೆದು ಹಾಕುವ ಹೋಟೆಲಿನವರು ದಿನಕ್ಕೆಷ್ಟು ಬಾರಿ ಅಳಿಸಿ ಬರೆಯಬೇಕು? ಬೆಲೆ ಏರಿದ್ದು ಲಾಭವೇ ಅಲ್ಲವೇ ಎಂದು ತರುಣರು ಕೇಳುತ್ತಾರೆ. ಕೊಂಡಿಟ್ಟವನಿಗೆ ಲಾಭ, ನಿಜ. ಅದೇ ನಾಣ್ಯದಲ್ಲಿ ಮನೆ ಕಟ್ಟಲು ಸಾಲ ಮಾಡಿದವನ ಗತಿ ಏನು? 2022ರ ಕೊನೆಯಲ್ಲಿ ಸಾಲ ಮಾಡಿದವನು ಎರಡೇ ವರ್ಷಗಳಲ್ಲಿ ಆರು ಪಟ್ಟು ಋಣ ಹೊತ್ತಂತಾಯಿತು. ಸಂಬಳ ಕೊಡುವವನು, ಬಾಡಿಗೆಯ ಕರಾರು ಬರೆಯುವವನು, ಮಗಳ ಮದುವೆಗೆಂದು ಕೂಡಿಡುವವನು, ಇವರಲ್ಲಿ ಯಾರೂ ಆ ನಾಣ್ಯದ ಮೇಲೆ ನಾಳೆಯ ಲೆಕ್ಕ ಹಾಕಲಾರರು.

ಪ್ರಮಾಣ ಹೆಚ್ಚಿಸಲಾಗದ ಹಣದ ಕಥೆ ನಮ್ಮ ದೇಶಕ್ಕೆ ಹೊಸತೂ ಅಲ್ಲ. 1927ರಲ್ಲಿ ಬ್ರಿಟಿಷ್ ಸರಕಾರವು ರೂಪಾಯಿಯನ್ನು 18 ಪೆನ್ನಿಗೆ ಕಟ್ಟಿಹಾಕಿತು. ಆಗ ಪೌಂಡು ಚಿನ್ನಕ್ಕೆ ಕಟ್ಟುಬಿದ್ದಿತ್ತು. 1929ರ ಅನಂತರ ಲೋಕದ ಮುಗ್ಗಟ್ಟಿನಲ್ಲಿ ಬೆಳೆಯ ಬೆಲೆ ಕುಸಿಯಿತು. ಸಾಲದ ಮೊತ್ತ, ಕಂದಾಯದ ಮೊತ್ತ ಕದಲಲಿಲ್ಲ. ಮೊದಲು ಒಂದು ಮೂಟೆ ಮಾರಿ ತೀರಿಸುತ್ತಿದ್ದ ಬಡ್ಡಿಗೆ ಈಗ ಎರಡು ಮೂಟೆ ಬೇಕಾಯಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ನು ತಾನೇ ಚಿನ್ನದ ಕಟ್ಟನ್ನು ಕಳಚಿಕೊಂಡಿತು. ಆಗಲೂ ನಮ್ಮ ರೂಪಾಯಿಯ 18 ಪೆನ್ನಿಯ ಗಂಟು ಬಿಚ್ಚಲಿಲ್ಲ. ಸಾಲಕ್ಕೆ ಸಿಕ್ಕ ರೈತರು ಹೆಂಡಿರ ಮೈಮೇಲಿನ ಒಡವೆಗಳನ್ನು ಮಾರಿದರು. ಆ ಚಿನ್ನ ಮುಂಬಯಿಯ ಬಂದರಿನಿಂದ ಹಡಗು ಹಡಗಾಗಿ ಹೊರಕ್ಕೆ ಹೋಯಿತು. ನಾಣ್ಯದ ಕಟ್ಟಳೆ ಕಬ್ಬಿಣದಂತಿದ್ದರೆ ಬಗ್ಗಬೇಕಾದವನು ಮನುಷ್ಯನೇ ಆಗುತ್ತಾನೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಬಿಟ್‌ಕಾಯಿನಿನ ಭಕ್ತರು ಯಾವುದನ್ನು ಅದರ ಪರಮಗುಣವೆಂದು ಹೊಗಳುತ್ತಾರೋ, ಯಾರಿಂದಲೂ ಹೆಚ್ಚಿಸಲಾಗದ ಆ 2 ಕೋಟಿ 10 ಲಕ್ಷದ ಮಿತಿಯನ್ನು, ನಾವು ಅದರ ದೊಡ್ಡ ದೋಷವೆಂದೇ ಎಣಿಸುತ್ತೇವೆ.

ತರ್ಕ ಸಾಕು, ಪ್ರಯೋಗವನ್ನು ನೋಡೋಣ ಎನ್ನುವವರಿಗೆ ಎಲ್ ಸಾಲ್ವಡಾರ್ ಇದೆ. ಮಧ್ಯ ಅಮೆರಿಕದ ಈ ಪುಟ್ಟ ದೇಶದ ಸ್ಥಿತಿಯನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು; ಅದೂ ಪರಸ್ಥಳದಲ್ಲಿ ದುಡಿಯುವವರ ಹಣದಿಂದ ಬದುಕುವ ನಾಡು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿರುವ ಅದರ ಮಕ್ಕಳು ಮನೆಗೆ ಕಳುಹಿಸುವ ಹಣ ರಾಷ್ಟ್ರದ ಉತ್ಪನ್ನದ ಐದನೆಯ ಒಂದು ಪಾಲಿಗೂ ಹೆಚ್ಚು. 2001ರಿಂದ ಅಲ್ಲಿ ನಡೆಯುವುದು ಡಾಲರೇ. ಅಧ್ಯಕ್ಷ ನಯೀಬ್ ಬುಕೆಲೆಯವರು 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನನ್ನೂ ಕಾನೂನುಬದ್ಧ ನಾಣ್ಯವನ್ನಾಗಿ ಸಾರಿದರು. ಲೋಕದಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಹೊರದೇಶದಿಂದ ಬರುವ ಹಣದ ದಲ್ಲಾಳಿ ಖರ್ಚು ಉಳಿಯುತ್ತದೆಂಬುದೇ ಮುಖ್ಯ ವಾದವಾಗಿತ್ತು. ಮೊಬೈಲಿನಲ್ಲಿ ಇಟ್ಟುಕೊಳ್ಳಲು 'ಚಿವೋ' ಎಂಬ ಸರಕಾರಿ ಹಣದ ಚೀಲ ಬಂದಿತು. ಸೇರಿದ ಪ್ರತಿಯೊಬ್ಬರಿಗೂ 30 ಡಾಲರು ಇನಾಮು ಸಿಕ್ಕಿತು.

ಜನ ಏನು ಮಾಡಿದರು? ಇನಾಮು ತೆಗೆದುಕೊಂಡರು, ಖರ್ಚು ಮಾಡಿದರು, ಬಹುಮಂದಿ ಆ ಚೀಲವನ್ನು ಮತ್ತೆ ಮುಟ್ಟಲಿಲ್ಲ. ಯಾವ ರವಾನೆಯ ಸಲುವಾಗಿ ಇದೆಲ್ಲ ಆಯಿತೋ ಆ ರವಾನೆಯಲ್ಲಿ ನೂರಕ್ಕೆ ಎರಡು ಪಾಲೂ ಈ ದಾರಿಯಿಂದ ಬರಲಿಲ್ಲ. ಮಗ ಕಳುಹಿಸಿದ ನೂರು ಡಾಲರು ತಾಯಿಯ ಕೈಸೇರುವಾಗ ತೊಂಬತ್ತಾಗಿದೆಯೋ ನೂರಹತ್ತಾಗಿದೆಯೋ ಎಂದು ನೋಡಿ ಅಕ್ಕಿ ಕೊಳ್ಳುವ ಆಟಕ್ಕೆ ಯಾವ ತಾಯಿ ಒಪ್ಪಿಯಾಳು? 2024ರ ಡಿಸೆಂಬರಿನಲ್ಲಿ ಆ ದೇಶ ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ 140 ಕೋಟಿ ಡಾಲರಿನ ಸಾಲಕ್ಕೆ ಕೈಯೊಡ್ಡಿತು. ಮರುತಿಂಗಳು, 2025ರ ಜನವರಿಯಲ್ಲಿ, ಕಾನೂನಿಗೆ ತಿದ್ದುಪಡಿಯಾಗಿ ಬಿಟ್‌ಕಾಯಿನನ್ನು ಸ್ವೀಕರಿಸುವುದು ವ್ಯಾಪಾರಿಗಳ ಇಚ್ಛೆಗೆ ಬಿಟ್ಟ ವಿಷಯವಾಯಿತು. ಅದರಿಂದ ತೆರಿಗೆ ತೆರುವ ಅವಕಾಶವೂ ಹೋಯಿತು. ಅದೇ ದಾರಿ ಹಿಡಿದ ಮಧ್ಯ ಆಫ್ರಿಕ ಗಣರಾಜ್ಯ 2022ರಲ್ಲಿ ಮಾಡಿದ ಕಾನೂನನ್ನು 2023ರಲ್ಲಿಯೇ ಹಿಂತೆಗೆದುಕೊಂಡಿತು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸರಕಾರದ ಹಣವನ್ನು ನಂಬಿದವರು ಮೋಸಹೋಗಿಲ್ಲವೇ? 2008ರಲ್ಲಿ ಜಿಂಬಾಬ್ವೆಯ ನೋಟು ಕಾಗದದ ಬೆಲೆಗೂ ಬಾಳದಾಗಲಿಲ್ಲವೇ? ದೂರ ಹೋಗುವುದೇಕೆ, 2016ರ ನವೆಂಬರ್ 8ರ ರಾತ್ರಿ ನಮ್ಮಲ್ಲಿ ಚಲಾವಣೆಯಲ್ಲಿದ್ದ ಹಣದ ನೂರಕ್ಕೆ 86 ಪಾಲು, ಐನೂರರ ಮತ್ತು ಸಾವಿರದ ನೋಟುಗಳು, ಒಂದೇ ಭಾಷಣದಿಂದ ರದ್ದಾಗಲಿಲ್ಲವೇ? ಬೇಂಕಿನ ಬಾಗಿಲ ಸಾಲಿನಲ್ಲಿ ನಿಂತವರಾರೂ ಅದನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಸರಕಾರಗಳು ಹಣವನ್ನು ಕೆಡಿಸಬಲ್ಲುವು ಎಂಬುದು ಪೂರ್ಣ ಸತ್ಯ. ಆದರೂ ಆ ಸಾಲಿನಲ್ಲಿ ನಿಂತವನಿಗೆ ತನ್ನ ದೂರು ಯಾರ ಮೇಲೆಂಬುದು ಗೊತ್ತಿತ್ತು. ಸಂಸತ್ತಿನಲ್ಲಿ ಪ್ರಶ್ನೆಯಾಯಿತು, ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಸರ್ವೋಚ್ಚ ನ್ಯಾಯಾಲಯದವರೆಗೆ ವ್ಯಾಜ್ಯ ಹೋಯಿತು. 2023ರ ಜನವರಿ 2ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರಕಾರದ ಕ್ರಮವನ್ನು ಎತ್ತಿಹಿಡಿದರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಅದು ಕಾನೂನುಬಾಹಿರವೆಂದು ಭಿನ್ನಮತದ ತೀರ್ಪು ಬರೆದರು. ಬಿಟ್‌ಕಾಯಿನಿನ ಕಟ್ಟಳೆಯಿಂದ ನಷ್ಟವಾದವನು ಯಾವ ಬಾಗಿಲು ತಟ್ಟಬೇಕು? ಸತೋಶಿ ನಾಕಾಮೋಟೋ ಅವರ ವಿಳಾಸ ಯಾರ ಬಳಿಯಲ್ಲಿಯೂ ಇಲ್ಲ.

ಮೇಲಾಗಿ, ಯಾರನ್ನೂ ನಂಬಬೇಕಾಗಿಲ್ಲ ಎಂಬ ಮಾತೇ ವ್ಯವಹಾರದಲ್ಲಿ ನಿಲ್ಲುವುದಿಲ್ಲ. ಗುಪ್ತ ಸಂಕೇತವನ್ನು ತಾವೇ ಜೋಪಾನ ಮಾಡಲಾರದೆ ಬಹುಜನ ತಮ್ಮ ನಾಣ್ಯಗಳನ್ನು ಯಾವುದೋ ವಿನಿಮಯ ಕಂಪನಿಯ ವಶಕ್ಕೆ ಕೊಡುತ್ತಾರೆ. ಬೇಂಕು ಬೇಡವೆಂದು ಹೊರಟವರು ಹೀಗೆ ಬೇಂಕಿಗಿಂತ ಸಡಿಲವಾದ ಕೈಗೆ ಬೀಳುತ್ತಾರೆ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ದಿವಾಳಿಯೆದ್ದಿತು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಮುಳುಗಿತು. ಅದರ ಒಡೆಯ ಸ್ಯಾಮ್ ಬ್ಯಾಂಕ್‌ಮನ್ ಫ್ರೈಡನಿಗೆ 2024ರ ಮಾರ್ಚಿನಲ್ಲಿ 25 ವರ್ಷಗಳ ಸೆರೆವಾಸವಾಯಿತು. 2024ರ ಜುಲೈಯಲ್ಲಿ ನಮ್ಮ ದೇಶದ ವಜೀರ್‌ಎಕ್ಸಿನಿಂದ ಸುಮಾರು 23 ಕೋಟಿ ಡಾಲರಿನ ನಾಣ್ಯಗಳು ಕಳವಾದುವು. ಗ್ರಾಹಕರು ಹಣ ಹಿಂತೆಗೆಯುವುದು ನಿಂತಿತು. ಭಾರತದವರ ಉಳಿತಾಯದ ಪ್ರಶ್ನೆ ಸಿಂಗಾಪುರದ ನ್ಯಾಯಾಲಯಕ್ಕೆ ಹೋಯಿತು.

ಬೇಂಕುಗಳೂ ಮುಳುಗುತ್ತವೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬೇಂಕು ಮುಚ್ಚಿದಾಗ ದಕ್ಷಿಣ ದೇಶವೆಲ್ಲ ನಡುಗಿತು. ಆ ನಡುಕದಿಂದಲೇ 1962ರ ಜನವರಿ 1ರಿಂದ ಠೇವಣಿಗಳಿಗೆ ವಿಮೆ ಬಂದಿತು. ಮೊದಲಿಗೆ 1,500 ರೂಪಾಯಿ ಇದ್ದ ಅದರ ಮಿತಿ 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿತು. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬೇಂಕಿನ ಠೇವಣಿದಾರರಿಗೆ ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂಬ ಕಟ್ಟು ಬಿದ್ದಾಗ ಅವರು ರಿಜರ್ವ್ ಬೇಂಕಿನ ಮುಂದೆ ನಿಂತು ಕೂಗಿದರು. ಅವರಿಗಾದ ನ್ಯಾಯ ತಡವಾದದ್ದು, ಅರೆಕೊರೆಯದ್ದು. ಆದರೆ ಕೂಗಲು ಒಂದು ಕಟ್ಟಡವಿತ್ತು, ಅದರೊಳಗೆ ಉತ್ತರ ಹೇಳಬೇಕಾದವರಿದ್ದರು. ಕರಾವಳಿಯವರಿಗಂತೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬೇಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಎಣಿಸಿ ಪಡೆಯುತ್ತಿದ್ದರು. ಬಡವರು ಬೇಂಕನ್ನು ನಂಬಿದ್ದು ಆ ಮುಖವನ್ನು ನೋಡಿ. ಆ ಬೇಂಕು 2020ರಲ್ಲಿ ಕೆನರಾ ಬೇಂಕಿನಲ್ಲಿ ಲೀನವಾಯಿತು. ಜನರ ಠೇವಣಿ ಹೋಗಲಿಲ್ಲ.

ಈಗ ಕ್ರಿಪ್ಟೋವಾದಿಗಳಲ್ಲಿ ಚತುರರಾದವರು ಬಿಟ್‌ಕಾಯಿನನ್ನು ಬದಿಗಿಟ್ಟು, ಡಾಲರಿಗೆ ಸಮನಾಗಿ ನಿಲ್ಲುವ 'ಸ್ಥಿರನಾಣ್ಯ'ಗಳನ್ನು ಮುಂದೆ ಮಾಡುತ್ತಿದ್ದಾರೆ. ಬೆಲೆ ಏರಿಳಿಯದೆ, ರವಾನೆ ಅಗ್ಗವಾಗಿ ನಡೆಯುವುದಾದರೆ ಅದರಲ್ಲಿ ಸ್ವಾರಸ್ಯವಿದೆ. ಆದರೆ 2022ರ ಮೇ ತಿಂಗಳಲ್ಲಿ ಟೆರಾ ಎಂಬ ಸ್ಥಿರನಾಣ್ಯ ಕೆಲವೇ ದಿನಗಳಲ್ಲಿ ನೆಲಕಚ್ಚಿತು. 2023ರ ಮಾರ್ಚಿನಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ನಡೆಯಿತು. ಯುಎಸ್‌ಡಿಸಿ ಎಂಬ ನಾಣ್ಯದ ಬೆಂಬಲದ ಹಣದಲ್ಲಿ 330 ಕೋಟಿ ಡಾಲರು ಸಿಲಿಕಾನ್ ವ್ಯಾಲಿ ಬೇಂಕಿನಲ್ಲಿತ್ತು. ಬೇಂಕು ಮುಳುಗಿದೊಡನೆ ಒಂದು ಡಾಲರಿನ ಆ ನಾಣ್ಯ 90 ಸೆಂಟಿಗಿಂತ ಕೆಳಗೆ ಇಳಿಯಿತು. ಅಮೆರಿಕದ ಸರಕಾರ ಠೇವಣಿಗಳಿಗೆಲ್ಲ ಹೊಣೆ ನಿಂತಿತೆಂದು ತಿಳಿದ ಮೇಲೆ ಮರಳಿ ಎದ್ದಿತು. ಸರಕಾರ, ಬೇಂಕು ಎರಡೂ ಬೇಡವೆಂದ ಹಣ ಬೇಂಕಿನ ಜೊತೆಗೆ ಬಿದ್ದು ಸರಕಾರದ ಕೈಹಿಡಿದು ಎದ್ದ ಪರಿ ಇದು! 2025ರ ಜುಲೈಯಲ್ಲಿ ಅಮೆರಿಕ ಇಂಥ ನಾಣ್ಯಗಳಿಗೆ ಕಾನೂನನ್ನೇ ಮಾಡಿತು. ಲೋಕವೆಲ್ಲ ಇವನ್ನು ಬಳಸತೊಡಗಿದರೆ ನಮಗೆ ದೊರೆಯುವುದು ವಿಶ್ವನಾಣ್ಯವಲ್ಲ. ವಾಷಿಂಗ್ಟನ್ನಿನ ಡಾಲರೇ ಹೊಸ ಅಂಗಿ ತೊಟ್ಟು ಬರುತ್ತದೆ.

ಇನ್ನೊಬ್ಬರ ನಾಣ್ಯವನ್ನು ನಂಬಿದವರ ಪಾಡು ಹೇಗಿರುತ್ತದೆಂಬುದನ್ನು ನಮ್ಮ ರೂಪಾಯಿಯೇ ಒಮ್ಮೆ ತೋರಿಸಿದೆ. ಕುವೈತ್, ಬಹರೇನ್, ಕತಾರ್ ಮೊದಲಾದ ಕೊಲ್ಲಿಯ ನಾಡುಗಳಲ್ಲಿ ಒಂದು ಕಾಲಕ್ಕೆ ಭಾರತದ ರೂಪಾಯಿಯೇ ನಡೆಯುತ್ತಿತ್ತು. 1959ರಿಂದ ರಿಜರ್ವ್ ಬೇಂಕು ಅವರಿಗಾಗಿ ಬೇರೆ ಬಣ್ಣದ ನೋಟುಗಳನ್ನೇ ಹೊರಡಿಸಿತು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ತಮ್ಮ ದಿನಾರುಗಳನ್ನು ತಂದುಕೊಂಡುವು. 1966ರ ಜೂನ್ 6ರಂದು ದೆಹಲಿಯವರು ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದಾಗ, ಆ ನಿರ್ಣಯದಲ್ಲಿ ಯಾವ ಮಾತೂ ಇಲ್ಲದಿದ್ದ ಕತಾರ್ ಮತ್ತು ದುಬಾಯಿಯ ಜನರ ಗಂಟೂ ಒಂದೇ ದಿನದಲ್ಲಿ ಕರಗಿತು. ಅದೇ ವರ್ಷ ಅವರೂ ರೂಪಾಯಿಗೆ ವಿದಾಯ ಹೇಳಿದರು. ಯುರೋಪಿನ ರಾಷ್ಟ್ರಗಳು ಕೂಡಿ ಮಾತಾಡಿ, ಒಪ್ಪಂದ ಬರೆದು, 1999ರಲ್ಲಿ ಒಂದೇ ನಾಣ್ಯ ಮಾಡಿಕೊಂಡುವು. ಅವರಲ್ಲಿಯೂ ಖಜಾನೆ ಒಂದಾಗಲಿಲ್ಲ. 2015ರ ಬೇಸಿಗೆಯಲ್ಲಿ ಗ್ರೀಸಿನ ಬೇಂಕುಗಳು ಮುಚ್ಚಿ ಮುದುಕರು ದಿನಕ್ಕೆ 60 ಯೂರೋಗಾಗಿ ಸಾಲುನಿಂತರು. ಕೂಡಿ ಆಳುವವರ ಒಂದೇ ನಾಣ್ಯಕ್ಕೆ ಇಷ್ಟು ಸಂಕಟವಾದರೆ, ಆಳುವವರೇ ಇಲ್ಲದ ನಾಣ್ಯದಡಿಯಲ್ಲಿ ಲೋಕದ ಎಲ್ಲ ರಾಷ್ಟ್ರಗಳನ್ನು ತರುವ ಮಾತು ನಮಗೆ ಹಗಲುಗನಸಾಗಿ ಕಾಣುತ್ತದೆ. ಬಂದರೂ ಅದು ಬಡ ರಾಷ್ಟ್ರಗಳಿಗೆ ಹಿತವಾಗದು.

ನಮ್ಮವರಿಗೆ ಬೇಕಾಗಿರುವುದು ಹಣ ಹೋಗುವ ಅಗ್ಗದ, ಬೇಗದ ದಾರಿ. ಅದಕ್ಕೆ ಹಣವನ್ನೇ ಬದಲಾಯಿಸಬೇಕಾಗಿಲ್ಲ. 2016ರಲ್ಲಿ ಆರಂಭವಾದ ಯುಪಿಐ ರೂಪಾಯಿಯನ್ನು ಬದಲಿಸಲಿಲ್ಲ, ಅದರ ಓಡಾಟವನ್ನಷ್ಟೇ ಸುಗಮಗೊಳಿಸಿತು. 2023ರ ಫೆಬ್ರವರಿ 21ರಂದು ಅದು ಸಿಂಗಾಪುರದ ಪೇನೌ ವ್ಯವಸ್ಥೆಯೊಡನೆ ಜೋಡಿಸಲ್ಪಟ್ಟಿತು. ಅದೇ ಜುಲೈಯಲ್ಲಿ ಅರಬ್ ಸಂಯುಕ್ತ ಸಂಸ್ಥಾನಗಳ ಕೇಂದ್ರ ಬೇಂಕಿನೊಡನೆಯೂ ಇಂಥದೇ ಜೋಡಣೆಗೆ ರಿಜರ್ವ್ ಬೇಂಕು ಒಪ್ಪಂದಪತ್ರ ಮಾಡಿಕೊಂಡಿತು. ಗೂಢಲಿಪಿಯ ವಿದ್ಯೆಯಲ್ಲಿ ಗ್ರಹಿಸತಕ್ಕದ್ದು ಇದ್ದರೆ ಅದನ್ನೂ ಗ್ರಹಿಸಲಿ. 2022ರ ಡಿಸೆಂಬರ್ 1ರಿಂದ ಮುಂಬಯಿ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ ಪ್ರಯೋಗಕ್ಕೆ ಬಂದ ಇ-ರೂಪಾಯಿಯ ಹಿಂದೆ ರಿಜರ್ವ್ ಬೇಂಕಿನ ಹೊಣೆ ಇದೆಯಷ್ಟೆ.

ಸರಕಾರದ ಧೋರಣೆಯ ವಿಷಯದಲ್ಲಿಯೂ ಒಂದು ಮಾತು. 2018ರಲ್ಲಿ ರಿಜರ್ವ್ ಬೇಂಕು ಈ ನಾಣ್ಯದ ವ್ಯವಹಾರಸ್ಥರಿಗೆ ಬೇಂಕುಗಳ ಬಾಗಿಲು ಮುಚ್ಚಿಸಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ತಳ್ಳಿಹಾಕಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಬಂದಿತು; ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಅವಕಾಶ ಕೊಡಲಿಲ್ಲ. ಲಾಭದಲ್ಲಿ ಪಾಲು ಕೇಳುವ ಕಾನೂನು ಬಂದಿತು, ಹಣ ತೊಡಗಿಸಿದವರನ್ನು ಕಾಪಾಡುವ ಕಾನೂನು ಅದರ ಜೊತೆಗೆ ಬರಲಿಲ್ಲ. ತೆರಿಗೆ ಕಟ್ಟಿದ್ದೇ ಮಾನ್ಯತೆಯ ಗುರುತೆಂದು ಹಲವು ತರುಣರು ಭ್ರಮಿಸಿದ್ದಾರೆ. ಆ ಭ್ರಮೆಗೆ ಸರಕಾರವೇ ಕಾರಣ.

ಮುಂಬಯಿ, ಪುಣೆಗಳ ನಮ್ಮ ಸಂಘಗಳೂ ಕೊಲ್ಲಿಯ ನಾಡುಗಳ ಕನ್ನಡ ಸಂಘಗಳೂ ಕೂಡಿ ರಿಜರ್ವ್ ಬೇಂಕಿಗೆ ಒಂದು ಮನವಿ ಸಲ್ಲಿಸುವುದು ಉಚಿತ. ಹೊರದೇಶದಿಂದ ಹಣ ತರುವ ಪ್ರತಿಯೊಂದು ಬೇಂಕೂ ಕಂಪನಿಯೂ ತಾನು ಹಿಡಿಯುವ ಶುಲ್ಕವನ್ನೂ, ವಿನಿಮಯ ದರದಲ್ಲಿ ಮುರಿದುಕೊಳ್ಳುವ ಪಾಲನ್ನೂ ಬೇರೆ ಬೇರೆಯಾಗಿ, ಕಳುಹಿಸುವವನು ಒಪ್ಪುವುದಕ್ಕೆ ಮೊದಲೇ, ಅವನ ಭಾಷೆಯಲ್ಲಿ ತೋರಿಸಬೇಕೆಂದು ಅದರಲ್ಲಿ ಕೇಳತಕ್ಕದ್ದು. ಸಂಘಗಳ ಮುಂದಿನ ಮಹಾಸಭೆಗಳಲ್ಲಿ ಈ ನಿರ್ಣಯ ಮಂಡಿತವಾಗಲಿ.